ಒಂಬತ್ತನೆಯ ನಂಬರಿನ ಇದ್ದಲಿ

ಮಸ್ಕಿಯ ಇದ್ದಲಿ ಯಮನಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಅದು ಆಕೆಯ ದೊಡ್ಡ ದುರ್ಗುಣವೆಂದು ಊರಿನ ಬಹಳ ಮಂದಿ ಹೇಳುತ್ತಿದ್ದರು. ಹಾಗೆ ಹೇಳುವವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಸಲ ಆಕೆಗೆ ಟೋಪಿ ಹಾಕಿದವರೇ ಆಗಿದ್ದರು ಎಂಬುದನ್ನೂ ಸೇರಿಸಿದರೆ ಮಾತು ಪೂರ್ತಿಯಾಗುತ್ತದೆ.

ಇದ್ದಲಿ ತುಂಬಿದ ಗೋಣಿಚೀಲದ ಬಾಯಿಗೆ ಆಕೆ ತನ್ನದೇ ಒಂದು ಗಂಟು ಹಾಕುತ್ತಿದ್ದಳು. ಎರಡು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ, ಆಮೇಲೆ ಹಲ್ಲಿನಿಂದ ಕಚ್ಚಿ ಎಳೆದು ತುದಿಯನ್ನು ಒಳಗೆ ತುರುಕುವುದು. ಬಿಚ್ಚುವುದು ಯಾರಿಗಾದರೂ ಆದೀತು, ಮತ್ತೆ ಅದೇ ಗಂಟು ಹಾಕುವುದು ಆಕೆಗೊಬ್ಬಳಿಗೇ ಸಾಧ್ಯ. ಬಂಡಿಯ ಇಮಾಮ್‌ಸಾಬ್ ಹನ್ನೆರಡು ವರ್ಷದಿಂದ ಆಕೆಯ ಚೀಲ ಸಾಗಿಸಿದವನು. ಒಂದು ದಿನ ಅವನು ನಗುತ್ತ, "ನನ್ನ ಮ್ಯಾಲೂ ಸಂಶೇನಾ ಯಮನಮ್ಮಾ?" ಎಂದು ಕೇಳಿದ. "ನಿನ್ನೊಬ್ಬನ್ನ ಯಾಕ ಬಿಡ್ಲಿ? ನೀ ಏನ ಆಕಾಶದಿಂದ ಇಳದು ಬಂದೀಯೇನು?" ಎಂದಳು. ಇಮಾಮ್‌ಸಾಬ್ ಬೇಸರ ಮಾಡಿಕೊಳ್ಳಲಿಲ್ಲ. ಅವನಿಗೆ ಅಂಬಪ್ಪನ ಕಥೆ ಗೊತ್ತಿತ್ತು.

ಅಂಬಪ್ಪ ಯಮನಮ್ಮನ ಗಂಡ. ಹಸುವಿನಂಥ ಮನುಷ್ಯ. ಗುರುಗುಂಟಾದ ತವರಿನಿಂದ ಆಕೆ ಮದುವೆಯಾಗಿ ಬಂದಾಗ ಮಸ್ಕಿಯ ಗುಡ್ಡದ ಬುಡದಲ್ಲಿ ಮಾವ ಮುದುಕಪ್ಪನ ಇದ್ದಲಿ ಭಟ್ಟಿ ಇತ್ತು. ಗುಡ್ಡದ ಜಾಲಿ ಕಡಿಯಲು ನಿಜಾಮರ ಸರಕಾರದ ಜಂಗಲಾತ್ ಕಚೇರಿಯ, ಅಂದರೆ ಅರಣ್ಯ ಇಲಾಖೆಯ, ಪರವಾನಗಿಯೂ ಇತ್ತು. ಮುದುಕಪ್ಪ ತೀರಿಕೊಂಡ ವರ್ಷ ಲಿಂಗಸುಗೂರಿನ ಒಬ್ಬ ಗುತ್ತೇದಾರ ಬಂದು, ಅಂಬಪ್ಪನ ಹೆಗಲ ಮೇಲೆ ಕೈ ಹಾಕಿ, ಪರವಾನಗಿ ನಿನ್ನ ಹೆಸರಿಗೆ ಮಾಡಿಸಿಕೊಡುತ್ತೇನೆ ಎಂದು ಒಂದು ಉರ್ದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಕಾಗದದಲ್ಲಿ ಗುಡ್ಡ ಗುತ್ತೇದಾರನಿಗೆ, ಅಂಬಪ್ಪ ಅವನ ಆಳು ಎಂದು ಬರೆದಿತ್ತು. ನಾಲ್ಕು ವರ್ಷ ತನ್ನದೇ ಭಟ್ಟಿಯಲ್ಲಿ ಕೂಲಿ ಮಾಡಿ, ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಅಂಬಪ್ಪ ಸತ್ತ. ಅವನು ಸತ್ತ ತಿಂಗಳೇ ಯಮನಮ್ಮ ಲಿಂಗಸುಗೂರಿಗೆ ಹೋಗಿ ಜಂಗಲಾತ್ ಕಚೇರಿಯ ಬಾಗಿಲ ಮುಂದೆ ಕೂತಳು. ಹನ್ನೊಂದು ದಿನ ಕೂತಳು. ಜವಾನರು ಬೈದರು, ನೀರು ಎರಚಿದರು, ಆಕೆ ಕದಲಲಿಲ್ಲ. ಹನ್ನೆರಡನೆಯ ದಿನ ಸಾಹೇಬರಿಗೆ ಈ ಹೆಂಗಸಿನ ಮುಖ ನೋಡಿ ನೋಡಿ ಸಾಕಾಗಿ, ಪರವಾನಗಿಯನ್ನು ಆಕೆಯ ಹೆಸರಿಗೆ ಬರೆದು ಕೊಟ್ಟು ಕಳಿಸಿದರು. ಆ ಕಾಗದವನ್ನು ಆಕೆ ತಗಡಿನ ಡಬ್ಬಿಯಲ್ಲಿಟ್ಟು ಒಲೆಯ ಹಿಂದೆ ಹೂತಿದ್ದಳು. ಮತ್ತೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಗಂಡನನ್ನು ಹೂತ ಕುಣಿಯ ಮುಂದೆ ಆಣೆ ಮಾಡಿದ್ದಳು.

ಇನ್ನು ಆಕೆಯ ಭಟ್ಟಿಯ ವಿಚಾರ. ಜಾಲಿ ಕಟ್ಟಿಗೆಯನ್ನು ಗುಡಿಸಲಿನಂತೆ ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಮಣ್ಣು ಮೆತ್ತಿ, ಒಳಗೆ ಗಾಳಿ ಸಾಲದ ಹಾಗೆ ಬೇಯಿಸಿದರೆ ಇದ್ದಲಿ. ಗಾಳಿ ಹೆಚ್ಚಾದರೆ ಬೂದಿ. ಕಟ್ಟಿಗೆಗೂ ಮಣ್ಣಿಗೂ ನಡುವೆ ಬೇರೆಯವರು ಹುಲ್ಲು ಹಾಸುತ್ತಾರೆ, ಇಲ್ಲವೆ ಸೊಪ್ಪು. ಯಮನಮ್ಮನ ಮನೆಯ ರೂಢಿ ಬೇರೆ: ಅಲ್ಲಿ ನೀರಲ್ಲಿ ನೆನೆಸಿದ ಕಂಬಳಿ. ಅದೂ ಎಂಥ ಕಂಬಳಿಯೆಂದರೆ, ಹೆಣದ ಮೇಲಿನ ಕಂಬಳಿ.

ಸತ್ತವರನ್ನು ಹೂಳುವ ಮುಂಚೆ ಮೇಲೆ ಹೊದಿಸಿದ ಕಂಬಳಿಯನ್ನು ತೆಗೆದು ಕುಣಿ ತೋಡಿದವರ ಕೈಗೆ ಕೊಡುವುದು ಆ ಸೀಮೆಯ ಪದ್ಧತಿ. ಗುರುಗುಂಟಾದಲ್ಲಿ ಕುಣಿ ತೋಡುವವರು ಯಮನಮ್ಮನ ತವರಿನವರು. ಈಗ ಆ ಕೆಲಸ ಆಕೆಯ ತಮ್ಮ ದುರುಗಪ್ಪನದು. ಪಾಮನಕಲ್ಲೂರಿನಲ್ಲೂ ಮಸ್ಕಿಯಲ್ಲೂ ಆಕೆಯ ನೆಂಟರೇ. ಜೀವ ಇದ್ದವರು ಆ ಕಂಬಳಿ ಹೊದೆಯಕೂಡದು, ಬೀದಿಗೆ ಎಸೆಯಕೂಡದು, ಅದು ಬೆಂಕಿಗೇ ಸೇರಬೇಕು ಎಂಬುದು ಕೇರಿಯ ಹಿರಿಯರ ಕಟ್ಟು. ಮುದುಕಪ್ಪನ ಕಾಲದಿಂದಲೂ ಸುತ್ತಿನ ಹತ್ತು ಹಳ್ಳಿಯ ಕಂಬಳಿಗಳು ಈ ಭಟ್ಟಿಗೆ ಬರುತ್ತಿದ್ದವು. ಕಂಬಳಿ ಹಾಸುವಾಗ ಸತ್ತವರ ಹೆಸರು ಹಿಡಿದು ಕರೆದು, "ಹೋಗಿ ಬಾರಪಾ," "ಹೋಗಿ ಬಾರಬೇ" ಎಂದು ಹೇಳಬೇಕು. ಹೆಸರು ಗೊತ್ತಿಲ್ಲದ ಕಂಬಳಿಯನ್ನು ಆಕೆ ಮುಟ್ಟುತ್ತಿರಲಿಲ್ಲ.

ಹೊರಗಿನವರಿಗೆ ಇದು ತಿಳಿಯದು. ಭಟ್ಟಿ ಸುಡುವಾಗ ಕೂದಲು ಸುಟ್ಟಂಥ ನಾತ ಮಾತ್ರ ಸಿಂಧನೂರಿನ ರಸ್ತೆಯವರೆಗೂ ಹೋಗುತ್ತಿತ್ತು.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಒಂದು ಮುಂಜಾನೆ ಪ್ಯಾಂಟು ತೊಟ್ಟ ಹುರಿಗಟ್ಟಿದ ಮೈಯ ತರುಣನೊಬ್ಬ ಭಟ್ಟಿಯ ಹತ್ತಿರ ಬಂದ. ಹೆಸರು ನರಸಣ್ಣ. ಹೈದರಾಬಾದಿನಲ್ಲಿ ರಸಾಯನ ಓದಿ ಬಂದವನು, ಲಿಂಗಸುಗೂರಿನ ಹೊಸ ಎಣ್ಣೆ ಕಾರ್ಖಾನೆಯಲ್ಲಿ ನೌಕರಿ. ಕೈಯಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಗಾಜಿನ ಸಣ್ಣ ಶೀಶೆಗಳು. ಅವನು ರಾಶಿಯಿಂದ ಒಂದು ಇದ್ದಲಿ ಚೂರು ಎತ್ತಿ, ಉಗುರಿನಿಂದ ಕೆರೆದು, ಬಾಯಿಗೆ ಹಾಕಿಕೊಂಡು ಕರಕರನೆ ಅಗಿದ. ಹಲ್ಲಿಗೆ ಮರಳು ಸಿಕ್ಕುತ್ತದೆಯೋ ಇಲ್ಲವೋ ನೋಡಿ, ಕರ್ರಗೆ ಉಗುಳಿ, ತನ್ನ ಬಾಟಲಿಯ ನೀರಿನಿಂದ ಎರಡು ಸಲ ಬಾಯಿ ಮುಕ್ಕಳಿಸಿದ. ಇನ್ನೊಂದು ಚೂರನ್ನು ಶೀಶೆಗೆ ಹಾಕಿ ಚೀಟಿ ಅಂಟಿಸಿದ.

"ಅದೇನ ಬರದ್ರಿ?" ಎಂದಳು ಯಮನಮ್ಮ.

"ನಂಬರು. ಒಂಬತ್ತು. ತುರ್ವಿಹಾಳದ್ದು ಏಳು, ಗುರುಗುಂಟಾದ್ದು ಎಂಟು, ನಿಂದು ಒಂಬತ್ತು."

ಇದ್ದಲಿಯನ್ನು ಒಲೆಗೆ ಹಾಕುವವರನ್ನು ಆಕೆ ಕಂಡಿದ್ದಳು, ಕುಲುಮೆಗೆ ಹಾಕುವವರನ್ನು ಕಂಡಿದ್ದಳು. ಬಾಯಿಗೆ ಹಾಕಿಕೊಳ್ಳುವವನನ್ನು ಇದೇ ಮೊದಲು ಕಂಡದ್ದು. ಒಳಗೊಳಗೇ ಕಸಿವಿಸಿಯಾಯಿತು. ಇಂಥವರ ಹೊಟ್ಟೆಯಲ್ಲಿ ಏನಾದರೂ ಇರಲೇಬೇಕು ಎಂದುಕೊಂಡಳು.

ಹದಿನೈದು ದಿನಕ್ಕೆ ಅವನು ಮರಳಿ ಬಂದು, ಉಳಿದ ಎಲ್ಲರ ಇದ್ದಲಿ ಬೇಡ, ನಿನ್ನದಷ್ಟೇ ಬೇಕು ಎಂದ. ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಯಮನಮ್ಮನಿಗೆ ನಿದ್ದೆ ಬರಲಿಲ್ಲ. ಇಷ್ಟು ದೊಡ್ಡ ಸೀಮೆಯಲ್ಲಿ ತನ್ನದೇ ಯಾಕೆ? ಮೊದಲನೆಯ ಸರಕು ಹೋದಾಗ ಆಕೆ ಚೀಲಗಳ ಮೇಲೆಯೇ ಕೂತು ಇಮಾಮ್‌ಸಾಬನ ಬಂಡಿಯಲ್ಲಿ ಲಿಂಗಸುಗೂರಿಗೆ ಹೋದಳು.

ಕಾರ್ಖಾನೆಯ ಹಿತ್ತಲ ಬಾಗಿಲಿನಲ್ಲಿ ನಿಲ್ಲಿಸಿ ನರಸಣ್ಣ ತೋರಿಸಿದ. ಮುಚ್ಚಿದ ಕಬ್ಬಿಣದ ದೊಡ್ಡ ಹಂಡೆಯೊಂದರಲ್ಲಿ ಶೇಂಗಾ ಎಣ್ಣೆ ಕಾಯುತ್ತಿತ್ತು. ಕೆಳಗಿನಿಂದ ಕೊಳವೆಯಲ್ಲಿ ಜಲಜನಕವೆಂಬ ಗಾಳಿಯನ್ನು ಒತ್ತಿ ಬಿಡುತ್ತಿದ್ದರು. ಆ ಗಾಳಿ ಎಣ್ಣೆಯೊಳಗೆ ಸೇರಿದರೆ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಆದರೆ ಎರಡೂ ತಾವಾಗಿ ಸೇರುವುದಿಲ್ಲ. ನಡುವೆ ನಿಕ್ಕೆಲ್ ಎಂಬ ಲೋಹ ಬೇಕು. ಯುದ್ಧದ ದೆಸೆಯಿಂದ ನಿಕ್ಕೆಲ್ ಸಿಗುತ್ತಿರಲಿಲ್ಲ. ಇದ್ದ ಚೂರುಪಾರನ್ನೇ ಇದ್ದಲಿಯ ನುಣ್ಣನೆಯ ಪುಡಿಯ ಮೇಲೆ ತೆಳ್ಳಗೆ ಹರಡಿ ನರಸಣ್ಣ ಕೆಲಸ ಸಾಗಿಸುತ್ತಿದ್ದ.

"ನಮ್ಮ ಇದ್ದಲಿ ತುಪ್ಪದಾಗ ಇರತೈತೇನ್ರಿ ಹಂಗಾದ್ರ?" ಎಂದು ಆಕೆ ಕೇಳಿದಳು.

"ಇಲ್ಲಬೇ. ಮದುವಿ ಮಾಡಿಸಾವ ಹೆಣ್ಣಿನ ಕಡಿಗಿ ಗಂಡಿನ ಕಡಿಗಿ ಓಡಾಡಿ ಅಕ್ಕಿಕಾಳು ಬಿದ್ದ ಮ್ಯಾಲ ತನ್ನ ಮನಿಗಿ ಹೋಗ್ತಾನಲ್ಲ, ಹಂಗ. ಕಡೀಕ ಅರಿವಿ ಹಿಡದು ಸೋಸಿ ತಗೀತೀವಿ."

ಆಮೇಲೆ ಅವನು ಎರಡು ಬಟ್ಟಲು ತಂದು ಮುಂದಿಟ್ಟ. ಒಂದರಲ್ಲಿ ಎಣ್ಣೆ ತೇಲುತ್ತಿತ್ತು, ಅಡಿಯಲ್ಲಿ ಮೇಣದಂಥ ಗಟ್ಟಿ ಹೆಂಟೆ. ಅದು ಬೇರೆಯವರ ಇದ್ದಲಿಯದು. ಲೋಹ ಸಿಕ್ಕಿದ ಎಣ್ಣೆಯನ್ನು ಕೊನೆಯ ತನಕ ಗಟ್ಟಿ ಮಾಡಿಬಿಡುತ್ತದೆ, ಉಳಿದದ್ದನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅರ್ಧ ಮೇಣ, ಅರ್ಧ ಎಣ್ಣೆ. ಇನ್ನೊಂದರಲ್ಲಿ ಬೆರಳಿಟ್ಟರೆ ಕರಗುವ ಹರಳು ಹರಳು ತುಪ್ಪ. ಅದು ಒಂಬತ್ತನೆಯ ನಂಬರು. "ಎಲ್ಲಾ ಎಣ್ಣೀನೂ ಎಷ್ಟ ಬೇಕೋ ಅಷ್ಟ ಗಟ್ಟಿ ಮಾಡಿ ಅಲ್ಲೇ ನಿಂದರತೈತಿ. ಯಾಕ ಅಂತ ನನಗೂ ತಿಳಿವಲ್ದು. ನಿನಗ ಏನರ ಗೊತ್ತೈತೇನು?" ಎಂದು ಅವನು ಆಕೆಯ ಮುಖ ನೋಡಿದ.

"ನನಗೇನ ಗೊತ್ತ್ರಿ? ನಾ ಕಟಗಿ ಸುಡಾಕಿ," ಎಂದಳು.

ಆಕೆಗೆ ಯಾಕೆ ಎಂಬುದು ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ತನ್ನ ಭಟ್ಟಿಯಲ್ಲಿ ಇದ್ದು ಬೇರೆಯವರ ಭಟ್ಟಿಯಲ್ಲಿ ಇಲ್ಲದ್ದು ಏನೆಂಬುದು ಚೆನ್ನಾಗಿ ಗೊತ್ತಿತ್ತು. ಬಂಡಿಯಲ್ಲಿ ವಾಪಸಾಗುವಾಗ ಆ ತುಪ್ಪದಲ್ಲಿ ಹೋಳಿಗೆ ತಿನ್ನುವ ಊರೂರಿನ ಜನ ಕಣ್ಣ ಮುಂದೆ ಬಂದರು. ಹೊಲಗೇರಿಯ ಹೆಂಗಸು, ಹೆಣದ ಕಂಬಳಿ, ಕಾರ್ಖಾನೆಯ ಸಾಹುಕಾರನ ತುಪ್ಪ. ಈ ಮೂರನ್ನು ಯಾರಾದರೂ ಒಂದು ದಾರಕ್ಕೆ ಪೋಣಿಸಿದ ದಿನ ತಾನಿರುವುದಿಲ್ಲ ಎಂದು ಆಕೆಗೆ ಅನಿಸಿತು. ಆ ಮಾತು ಉತ್ಪ್ರೇಕ್ಷೆಯೇನೂ ಅಲ್ಲ. ಆ ಕಾಲದಲ್ಲಿ ಅದಕ್ಕಿಂತ ಸಣ್ಣ ಮಾತಿಗೆ ಗುಡಿಸಲು ಸುಟ್ಟದ್ದನ್ನು ಆಕೆ ನೋಡಿದ್ದಳು.

ಏಳೆಂಟು ತಿಂಗಳು ಎಲ್ಲ ಸಸೂತ್ರ ನಡೆಯಿತು. ಆಮೇಲೆ ಸಿಂಧನೂರಿನ ಸಂತೆಯಲ್ಲಿ ಮಾತು ಹುಟ್ಟಿತು. ಹುಟ್ಟಿಸಿದವಳು ಎಮ್ಮೆ ತುಪ್ಪ ಮಾರುವ ಸೂಗಮ್ಮ. ಕಾರ್ಖಾನೆಯ ತುಪ್ಪ ಬಂದ ಮೇಲೆ ಆಕೆಯ ಗಡಿಗೆ ಖಾಲಿಯಾಗುವಷ್ಟರಲ್ಲಿ ಸಾಯಂಕಾಲವಾಗುತ್ತಿತ್ತು, ಹಾಗಾಗಿ ಬಾಯಿಗೆ ಬಿಡುವಿತ್ತು. "ಮಸ್ಕಿ ರಸ್ತೇಕ ಹೋಗ್ರಿ, ಮೂಗು ಇದ್ದವ್ರು ಮೂಸಿ ನೋಡ್ರಿ. ದನದ ಎಲುಬು ಸುಟ್ಟ ಇದ್ದಲಿ ಮಾಡ್ತಾರ, ಅದನ್ನ ಆ ತುಪ್ಪಕ್ಕ ಹಾಕ್ತಾರ," ಎಂದು ಆಕೆ ಗಿರಾಕಿಗಳಿಗೆಲ್ಲ ಹೇಳಿದಳು. ಜನ ಹೋಗಿ ಮೂಸಿದರು. ನಾತ ಇದ್ದದ್ದು ಸುಳ್ಳಲ್ಲವಲ್ಲ. ಎಂಟು ದಿನದಲ್ಲಿ ಸಿಂಧನೂರಿನ ಅಂಗಡಿಗಳಿಂದ ತುಪ್ಪದ ಡಬ್ಬಿಗಳು ಲಿಂಗಸುಗೂರಿಗೆ ತಿರುಗಿ ಬಂದವು.

ಸಾಹುಕಾರ ನರಸಣ್ಣನನ್ನು ಕರೆಸಿ, ಹೋಗಿ ಭಟ್ಟಿಯ ಮುಂದೆ ಕೂತು ಕಣ್ಣಾರೆ ನೋಡಿ ಬಾ ಎಂದ. ಜೊತೆಗೆ ಒಂದು ಕಾಗದ ಕೊಟ್ಟ. ಈ ಇದ್ದಲಿಯಲ್ಲಿ ಜಾಲಿ ಕಟ್ಟಿಗೆ ಬಿಟ್ಟು ಬೇರೇನೂ ಇಲ್ಲವೆಂದು ಯಮನಮ್ಮ ಹೆಬ್ಬೆಟ್ಟು ಒತ್ತಬೇಕು. ಸುಳ್ಳೆಂದು ಗೊತ್ತಾದರೆ ಆಕೆಯ ಪರವಾನಗಿ ರದ್ದು.

ನರಸಣ್ಣ ಬರುವ ಸುದ್ದಿ ಇಮಾಮ್‌ಸಾಬನಿಂದ ಒಂದು ದಿನ ಮುಂಚೆ ಸಿಕ್ಕಿತು. ಯಮನಮ್ಮ ಕೂಡಿಟ್ಟ ಕಂಬಳಿಗಳನ್ನೆಲ್ಲ ಹೊತ್ತುಕೊಂಡು ಹೋಗಿ ಗುಡ್ಡದ ಬಂಡೆಗಳ ಸಂದಿಯಲ್ಲಿ ತುರುಕಿ, ಬಾಯಿಗೆ ಜಾಲಿಮುಳ್ಳು ಒಟ್ಟಿದಳು. ಭಟ್ಟಿಗೆ ಹೊಂಗೆಸೊಪ್ಪು ಹಾಸಿದಳು. ಜೀವನದಲ್ಲಿ ಮೊದಲ ಸಲ ಯಾರ ಹೆಸರನ್ನೂ ಹೇಳದೆ ಬೆಂಕಿ ಕೊಟ್ಟಳು. ಕೈ ಖಾಲಿ ಖಾಲಿ ಅನಿಸಿತು.

ಮೂರು ದಿನ ನರಸಣ್ಣ ಮುಂಜಾನೆಯಿಂದ ಸಂಜೆಯವರೆಗೆ ಬಂಡೆಯ ಮೇಲೆ ಕೂತು ನೋಡಿದ. ಸೊಪ್ಪಿನ ಹೊಗೆ ಬಿಟ್ಟರೆ ಬೇರೆ ನಾತವಿಲ್ಲ. ಅವನ ಮುಖ ಗೆಲುವಾಯಿತು. ಆಕೆ ಅವನನ್ನು ನೋಡುತ್ತಿದ್ದಳು, ಅವನು ಭಟ್ಟಿಯನ್ನು ನೋಡುತ್ತಿದ್ದ. ಪುಷ್ಯಮಾಸದ ಗಾಳಿ ಕೊರೆಯುತ್ತಿತ್ತು. ಮೂರನೆಯ ದಿನ ಅವನು ಕೈ ಉಜ್ಜಿಕೊಳ್ಳುತ್ತ, "ನಮ್ಮವ್ವನ ಕಂಬಳಿ ಇದ್ದಿದ್ರ ಈ ಥಂಡಿ ಏನೂ ಅಲ್ಲಾಗಿತ್ತು," ಎಂದ.

"ಯಾವೂರ್ರಿ ನಿಮ್ದು?"

"ಗುರುಗುಂಟಾ. ನಮ್ಮವ್ವ ಹೋಗಿ ಒಂದೂವರಿ ವರ್ಷ ಆತು. ನಾ ಹೈದರಾಬಾದಿನಾಗ ಇದ್ದೆ, ಬರೂದ್ರಾಗ ಮಣ್ಣು ಮಾಡಿದ್ರು. ಮನ್ಯಾಗ ಆಕಿ ಕಂಬಳಿ ಹುಡಿಕೀದೆ, ಸಿಗಲಿಲ್ಲ. ಆಕಿ ಸಂಗಾಟ ಹೋತು ಅಂದ್ರು."

ಯಮನಮ್ಮ ಕೈಯಲ್ಲಿದ್ದ ಸಲಿಕೆಯನ್ನು ಕೆಳಗಿಟ್ಟಳು. "ಏನ ಹೆಸರ್ರಿ ಅವ್ವಂದು?"

"ಜೋಗಮ್ಮ."

ಕೆಂಪಂಚು, ಅಂಚಿನಲ್ಲಿ ಮೂರು ಬಿಳಿ ಎಳೆ, ಒಂದು ಮೂಲೆಗೆ ನೀಲಿ ದಾರದ ಹೊಲಿಗೆ. ದುರುಗಪ್ಪ ಅದನ್ನು ತಂದು ಕೊಟ್ಟು ಹೆಸರು ಹೇಳಿದ್ದು ಆಕೆಗೆ ನೆನಪಿತ್ತು. ಇಷ್ಟು ಚೊಲೋ ಹೊಲಿಗೆ ಹಾಕಿದ ಹೆಣ್ಣುಮಗಳು ಯಾರೋ ಎಂದು ಆಗ ಅಂದುಕೊಂಡದ್ದೂ ನೆನಪಿತ್ತು. ಅದನ್ನು ಹೇಳದೆ ಮತ್ತೆ ಸಲಿಕೆ ಎತ್ತಿಕೊಂಡಳು. ಮರುಗಳಿಗೆಯಲ್ಲೇ ಇನ್ನೊಂದು ಅನುಮಾನ ತಲೆಯೆತ್ತಿತು: ಇವನಿಗೆ ಎಲ್ಲ ಗೊತ್ತಿದ್ದು, ತನ್ನ ಬಾಯಿ ಬಿಡಿಸಲೆಂದೇ ಈ ಅವ್ವನ ಮಾತು ತೆಗೆದನೇ?

ನರಸಣ್ಣ ಕಾಗದ ಬಿಚ್ಚಿ ಓದಿ ಹೇಳಿದಾಗ ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಮೊದ್ಲು ಇದ್ದಲಿ ಹೋಗ್ಲಿ. ಆಮ್ಯಾಲ ನೋಡೂಣು," ಎಂದಳು.

ಇದ್ದಲಿ ಹೋಯಿತು. ಹತ್ತು ದಿನಕ್ಕೆ ನರಸಣ್ಣ ಮತ್ತೆ ಬಂದ, ಈ ಸಲ ಕೂರಲಿಲ್ಲ.

"ಏನ ಮಾಡೀ ಯಮನಮ್ಮ?" ಎಂದ. ಧ್ವನಿ ಗಡುಸಾಗಿತ್ತು. "ಹಂಡೇದಾಗಿನ ಎಣ್ಣಿ ಅಷ್ಟೂ ಹಾಳಾತು. ಅರ್ಧ ಮೇಣ, ಅರ್ಧ ಎಣ್ಣಿ. ಇದು ನಿನ್ನ ಇದ್ದಲಿ ಅಲ್ಲ. ಬ್ಯಾರೇದವ್ರ ಕಡಿಂದ ತಂದು ನಿನ್ನ ಗಂಟು ಹಾಕಿ ಕಳಿಸೀ."

"ನನ್ನ ಭಟ್ಟೀದರಿ. ನಿಮ್ಮ ಕಣ್ಣಮುಂದ ಸುಟ್ಟೀನಿ."

"ಹಂಗಾದ್ರ ಮೊದ್ಲಿಂದು ಯಾರದು? ಎರಡರಾಗ ಒಂದು ಸುಳ್ಳು. ಸಾಹುಕಾರ್ರು ಸೋಮವಾರ ಜಂಗಲಾತ್ ಸಾಹೇಬರ ಕಡಿಗಿ ಹೋಗ್ತಾರ. ಎಲುಬರ ಹಾಕತಿದ್ದಿ, ಇಲ್ಲಾ ಮೋಸರ ಮಾಡೀ. ಯಾವುದಾದ್ರೂ ನಿನ್ನ ಪರವಾನಗಿ ಉಳಿಯೂದಿಲ್ಲ."

ಹನ್ನೊಂದು ದಿನ ಕೂತು ತಂದ ಕಾಗದ. ಹೇಳದಿದ್ದರೆ ಕಳ್ಳಿಯಾಗಿ ಗುಡ್ಡ ಬಿಡಬೇಕು, ಹೇಳಿದರೆ ಊರನ್ನೇ ಬಿಡಬೇಕು. ಆಕೆಗೆ ಸಿಟ್ಟು ಬಂತು. ಹೆದರಿಕೆಗಿಂತ ಸಿಟ್ಟೇ ಹೆಚ್ಚು. ತನ್ನ ಕೈ ಕೆಲಸವನ್ನು ಇನ್ನೊಬ್ಬರದು ಅಂದನಲ್ಲ, ಅದು. ಕಳ್ಳಿ ಅನ್ನಿಸಿಕೊಂಡು ಹೋಗುವುದಕ್ಕಿಂತ ನಿಜ ಹೇಳಿ ಹೋಗುವುದು ವಾಸಿ ಎಂದು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿದಳು.

"ಬರ್ರಿ ನನ್ನ ಹಿಂದ," ಎಂದು ಗುಡ್ಡ ಹತ್ತಿದಳು. ಮುಳ್ಳು ಸರಿಸಿ, ಕಂಬಳಿಗಳನ್ನು ಒಂದೊಂದೇ ಎಳೆದು ಬಂಡೆಯ ಮೇಲೆ ಹಾಸಿದಳು. "ಇದು ಪಾಮನಕಲ್ಲೂರಿನ ಗದ್ದೆಮ್ಮಂದು. ಇದು ನಮ್ಮ ಮಸ್ಕಿ ಹನಮಪ್ಪಂದು. ಇದು ಗುರುಗುಂಟಾದ್ದು, ಕುಂಟ ಬಸಣ್ಣಂದು. ಹೆಣದ ಮ್ಯಾಲಿನ ಕಂಬಳಿ ಇವು. ಭಟ್ಟೀಗಿ ಹಾಸತಿದ್ದಿದ್ದು ಇವ್ನ. ಎಲುಬಲ್ಲ, ಗಿಲುಬಲ್ಲ. ನೀವು ಬರತೀರಂತ ಹೆದರಿ ಈ ಸಲ ಸೊಪ್ಪು ಹಾಸೀದೆ. ಈಗ ಹೋಗಿ ಯಾರಿಗಿ ಹೇಳ್ತೀರೋ ಹೇಳ್ರಿ."

ನರಸಣ್ಣ ಬಗ್ಗಿ ಒಂದು ಕಂಬಳಿಯ ಅಂಚಿನಿಂದ ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಗಿಗೆ ಹಿಡಿದ. ಮತ್ತೊಂದು ಎಳೆ ಸುಟ್ಟ. ಅವನ ಮುಖದಲ್ಲಿ ಏನೋ ಹೊಳೆದಂತಾಯಿತು, ಆಮೇಲೆ ಅದೇ ಮುಖ ಕಪ್ಪಿಟ್ಟಿತು.

"ಗುರುಗುಂಟಾದವು ಎಲ್ಲಾ ನಿನ್ನ ಕಡಿಗೇ ಬರತಾವೇನು?" ಎಂದು ಕೇಳಿದ.

"ಎಲ್ಲಾ ಬರತಾವ."

"ಇವ್ನ ಹಾಸಿ ಒಂದು ಭಟ್ಟಿ ಸುಟ್ಟು ಕಳಸು," ಎಂದಷ್ಟೇ ಹೇಳಿ, ಹಿಂದಿರುಗಿ ನೋಡದೆ ಗುಡ್ಡ ಇಳಿದು ಹೋದ.

ಅವನು ಹೇಳಿದಂತೆ ಆಕೆ ಸುಟ್ಟಳು, ಮೂವರ ಹೆಸರೂ ಹೇಳಿ ಸುಟ್ಟಳು, ಚೀಲಕ್ಕೆ ಗಂಟು ಹಾಕಿ ಕಳಿಸಿದಳು. ಆಮೇಲಿನ ದಿನಗಳಲ್ಲಿ ತಲೆಯಲ್ಲಿ ಅದೇ ಯೋಚನೆ. ಇದ್ದಲಿ ಕೇಳಿದ್ದು ಯಾಕೆ? ಸಾಹೇಬರ ಮುಂದೆ ರುಜುವಾತಿಗಿಡಲೇ? ಬೇಕೆಂದೇ ತನ್ನ ಕೈಯಿಂದಲೇ ತನ್ನ ಕುಣಿ ತೋಡಿಸಿದನೇ? ಸೋಮವಾರ ಬಂತು, ಹೋಯಿತು. ರಸ್ತೆಯ ಮೇಲೆ ಧೂಳೆದ್ದರೆ ಆಕೆ ಎದ್ದು ನಿಲ್ಲುತ್ತಿದ್ದಳು. ತಗಡಿನ ಡಬ್ಬಿಯನ್ನು ಒಲೆಯ ಹಿಂದಿನಿಂದ ತೆಗೆದು ಬಾವಿಯ ಹತ್ತಿರ ಹೂತಳು, ಅಲ್ಲಿಂದ ತೆಗೆದು ಮತ್ತೆ ಒಲೆಯ ಹಿಂದೆ ಹೂತಳು.

ಮುಂದಿನ ವಾರ ಇಮಾಮ್‌ಸಾಬನ ಬಂಡಿಯಲ್ಲಿ ನರಸಣ್ಣ ಬಂದಿಳಿದ. ಜೊತೆಗೆ ಜಂಗಲಾತ್ ಕಚೇರಿಯ ಜವಾನ. ಜವಾನನ ಖಾಕಿ ಕಂಡದ್ದೇ ಯಮನಮ್ಮನಿಗೆ ಎಲ್ಲ ಮುಗಿಯಿತು ಅನಿಸಿತು. ಕೊಡಲಿ ಹಿಡಿದುಕೊಂಡೇ ಅವರ ಮುಂದೆ ಬಂದು ನಿಂತಳು.

ನರಸಣ್ಣ ಕಾಗದ ತೆಗೆದು, "ಹೆಬ್ಬೆಟ್ಟು ಒತ್ತು. ಜವಾನ ಸಾಕ್ಷಿ," ಎಂದ.

"ನೀವು ಓದಬ್ಯಾಡ್ರಿ. ಜವಾನನೂ ಬ್ಯಾಡ. ಇಮಾಮ್‌ಸಾಬ, ನೀ ಓದು."

ಹನ್ನೆರಡು ವರ್ಷದ ಪರೀಕ್ಷೆಯಲ್ಲಿ ತಾನು ಕೊನೆಗೂ ಪಾಸಾದೆನೇ ಎಂಬಂತೆ ಇಮಾಮ್‌ಸಾಬ್ ಕಾಗದ ಹಿಡಿದು, ಒಂದೊಂದೇ ಉರ್ದು ಪದ ಕೂಡಿಸಿ ಓದಿ, ಕನ್ನಡದಲ್ಲಿ ಹೇಳಿದ. "ಈ ಇದ್ದಲೀದಾಗ ಜಾಲಿ ಕಟಗಿ, ಗುಡ್ಡದ ಮಣ್ಣು, ಕುರಿ ಉಣ್ಣೀ ಹಳೀ ಕಂಬಳಿ. ಇಷ್ಟ. ಎಲುಬು, ಚರಬಿ ಯಾವುದೂ ಇಲ್ಲ. ನಾತ ಬರೂದು ಉಣ್ಣೀದು. ಕಾರ್ಖಾನೀಗಿ ಇಂಥಾದ್ದ ಇದ್ದಲಿ ಬೇಕು. ಇಷ್ಟ ಬರದೈತಿ ನೋಡು."

"ಇನ್ನೊಮ್ಮಿ ಓದು," ಎಂದಳು. ಅವನು ಓದಿದ. ಕಾಗದದಲ್ಲಿ ಒಂದು ಸುಳ್ಳೂ ಇರಲಿಲ್ಲ. ಆಕೆ ನರಸಣ್ಣನ ಹತ್ತಿರ ಸರಿದು ತಗ್ಗಿದ ಧ್ವನಿಯಲ್ಲಿ, "ಯಾರ ಕಂಬಳಿ ಅಂತ ಬರದಿಲ್ರಿ?" ಎಂದಳು.

"ಯಾರೂ ಕೇಳಿಲ್ಲ," ಎಂದ ಅವನು. "ನೀ ಕಳಿಸಿದ್ದ ಇದ್ದಲಿಗಿ ತುಪ್ಪ ಮತ್ತ ಮೊದ್ಲಿನಂಗ ಬಂತು. ಉಣ್ಣಿಯೊಳಗ ಗಂಧಕ ಇರತೈತಿ. ಸುಟ್ಟಾಗ ಅದು ಇದ್ದಲಿಗಿ ಹತ್ತತೈತಿ. ಲೋಹದ ಬಾಯಿ ಅರ್ಧ ಕಟ್ಟತೈತಿ. ಅದಕ್ಕ ಅದು ಅತಿ ಮಾಡೂದಿಲ್ಲ, ಎಷ್ಟ ಬೇಕೋ ಅಷ್ಟಕ್ಕ ನಿಲ್ಲತೈತಿ. ಸಾಹುಕಾರ್ರಿಗಿ ಕುರಿ ಉಣ್ಣಿ ಅಂದೆ, ಅಂಗಡಿಯವರಿಗೂ ಅಷ್ಟ ಹೇಳ್ಯಾರ. ಉಣ್ಣಿ ಮಡಿ ಅಂತ ಸಿಂಧನೂರಿನವ್ರು ಡಬ್ಬಿ ತರಿಸಿಕೊಳ್ಳಾಕತ್ತ್ಯಾರ."

ಯಮನಮ್ಮ ಹೆಬ್ಬೆರಳಿಗೆ ಇದ್ದಲಿ ಮಸಿಯನ್ನೇ ಮೆತ್ತಿಕೊಂಡು ಕಾಗದದ ಮೇಲೆ ಒತ್ತಿದಳು. ಗಂಡನ ಕುಣಿಯ ಮುಂದೆ ಮಾಡಿದ ಆಣೆ ಮುರಿಯಿತು. ಅಂಬಪ್ಪ ಇದನ್ನು ಹೊಟ್ಟೆಗೆ ಹಾಕಿಕೊಂಡಾನು ಎಂದುಕೊಂಡಳು. ಜವಾನನೂ ಇಮಾಮ್‌ಸಾಬನೂ ಬೀಡಿ ಹಚ್ಚಲು ಬಂಡಿಯ ಕಡೆ ಹೋದರು.

ನರಸಣ್ಣ ಹೋಗಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿ, ತೆಗೆದು, ಮತ್ತೆ ಮಡಚಿದ.

"ಯಮನಮ್ಮಬೇ, ನಮ್ಮವ್ವಂದು ಬಂದಿತ್ತಲ್ಲ?"

ಇಲ್ಲ ಅನ್ನುವ ಮಾತು ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು. ಈ ಕಾಗದವನ್ನು ಇವನು ನಾಳೆ ಹರಿದು ಹಾಕಿದರೆ? ಅವ್ವನ ಸಿಟ್ಟು ತನ್ನ ಮೇಲೆ ತೀರಿಸಿದರೆ? ಆಕೆ ಅವನ ಮುಖವನ್ನು ಬಹಳ ಹೊತ್ತು, ನಾಣ್ಯ ಖೋಟಾ ಹೌದೋ ಅಲ್ಲವೋ ನೋಡುವ ಹಾಗೆ ನೋಡಿದಳು.

"ಬಂದಿತ್ತು," ಎಂದಳು. "ಕೆಂಪಂಚು, ಮೂರು ಬಿಳೀ ಎಳಿ. ಮೂಲೀಗಿ ನೀಲಿ ದಾರದ ಹೊಲಗಿ."

"ನಾನ ಹರದಿದ್ದೆ ಸಣ್ಣಾವಿದ್ದಾಗ. ಆಕಿ ಹೊಲದಿದ್ಲು." ಅವನು ಇದ್ದಲಿಯ ರಾಶಿಯ ಕಡೆ ತಿರುಗಿದ. "ಯಾವ ಭಟ್ಟೀಗಿ ಹಾಕೀ?"

"ನೀವು ಮೊದಲ ಸಲ ಬಂದ್ರಲ್ಲ, ಅದಕ್ಕಿಂತ ಮುಂಚಿಂದು. ನೀವು ಶೀಶೇದಾಗ ಹಾಕ್ಕೊಂಡ್ರಲ್ಲ, ಒಂಬತ್ತು, ಅದ."

ನರಸಣ್ಣ ನಾಲಿಗೆಯಿಂದ ಹಲ್ಲು ಸವರಿಕೊಂಡ. ಮೊದಲ ದಿನ ಕರ್ರಗೆ ಉಗುಳಿದ ಜಾಗವನ್ನು ನೋಡಿದ. ಅಲ್ಲಿ ಈಗ ಒಣ ಮಣ್ಣು ಬಿಟ್ಟು ಏನೂ ಇರಲಿಲ್ಲ.

"ನಾ ಉಗುಳಿದೆನಲ್ಲಬೇ," ಎಂದ.

ಯಮನಮ್ಮ ಮೊದಲ ಸಲ ‘ರೀ’ ಬಿಟ್ಟು ಮಾತಾಡಿದಳು. "ಇದ್ದಲಿ ಉಗುಳೀಯಪ್ಪ. ನಿಮ್ಮವ್ವನ್ನಲ್ಲ. ಆಕಿನ್ನ ನಾ ಮೊದ್ಲ ಕಳಿಸಿದ್ದೆ. ಗುರುಗುಂಟಾದ ಜೋಗಮ್ಮ, ಹೋಗಿ ಬಾರಬೇ ಅಂತ ಹೆಸರು ಹೇಳಿ ಕಳಿಸೀನಿ. ನೀ ಬರಲಿಲ್ಲ ಅಂತ ಆಕಿನ್ನ ಸುಮ್ನ ಕಳಿಸಿಲ್ಲ."

ಅವನು ಅತ್ತ. ಪ್ಯಾಂಟು ತೊಟ್ಟ ಮನುಷ್ಯ, ಹೈದರಾಬಾದಿನಲ್ಲಿ ಓದಿ ಬಂದವನು, ಇದ್ದಲಿಯ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವತ್ತು ಅವನು ಬಾಯಿ ಮುಕ್ಕಳಿಸಿದ್ದು ನೆನಪಾಗಿ ಯಮನಮ್ಮ ಗಡಿಗೆಯಿಂದ ಒಂದು ಚಂಬು ನೀರು ತಂದು ಪಕ್ಕದಲ್ಲಿಟ್ಟಳು. ಅವನು ರಾಶಿಯಿಂದ ಕಾಳಿನಷ್ಟು ಇದ್ದಲಿ ಹೆಕ್ಕಿ ತೆಗೆದು ಬಾಯಿಗೆ ಹಾಕಿಕೊಂಡ, ಮೆಲ್ಲಗೆ ಅಗಿದ, ನುಂಗಿದ. ನೀರು ಮುಟ್ಟಲಿಲ್ಲ.

ಆಕೆ ತಿರುಗಿ ಚೀಲಗಳ ಹತ್ತಿರ ಹೋದಳು. ಎರಡು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ ಹಾಕಿ, ಹಲ್ಲಿನಿಂದ ಕಚ್ಚಿ ಎಳೆದಳು. ಇಮಾಮ್‌ಸಾಬ್ ಬಂಡಿ ಹೂಡುತ್ತಿದ್ದ.